ಪಿಟೀಲು ಗುರುವಿನ ಹೆಸರೆಲ್ಲಿ?

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಇಟಲಿಯ ಗಾಯಕ ಫ್ರಾಂಕೊ ಬತ್ತಿಯಾತೊ ಕುರಿತ ಲೇಖನ ಓದಿದೆ. ಪಾಪ್ ಹಾಡಿಗೆ ಅವರು ‘ಶಾಸ್ತ್ರೀಯ ಸಂಗೀತದ ಒಗ್ಗರಣೆ’ ಹಾಕಿದರಂತೆ. ಮೂವತ್ತು ವರ್ಷ ಪಿಟೀಲು ಕಲಿಸಿದ ನನಗೆ ಈ ಮಾತು ಅಪಸ್ವರವಾಗಿ ಕೇಳಿಸಿತು. ಒಗ್ಗರಣೆ ಬೀಳುವುದು ಅಡುಗೆಯೆಲ್ಲ ಮುಗಿದ ಮೇಲೆ; ಇವರಲ್ಲಿ ಶಾಸ್ತ್ರೀಯ ಸಂಗೀತ ಅಡುಗೆಯೊಳಗೇ ಬೆಂದಿತ್ತು.

ಎಪ್ಪತ್ತರ ದಶಕದಲ್ಲಿ, ಆಗಲೇ ಹಲವು ರೆಕಾರ್ಡ್ ಹೊರತಂದಿದ್ದ ಬತ್ತಿಯಾತೊ ಮಿಲಾನ್‌ನಲ್ಲಿ ಜೂಸ್ತೊ ಪಿಯೊ ಅವರ ಬಳಿ ಪಿಟೀಲು ಪಾಠಕ್ಕೆ ಕುಳಿತರು. ಪಿಯೊ ಅಲ್ಲಿನ ರೇಡಿಯೊ ವಾದ್ಯವೃಂದದ ಕಲಾವಿದರು, ಶಿಷ್ಯನಿಗಿಂತ 19 ವರ್ಷ ಹಿರಿಯರು. ಬೆರಳು ಬಲಿತ ಮೇಲೆ ಕಮಾನು ಹಿಡಿಯುವ ಪಾಡು ಎಂಥದೆಂದು ನನಗೆ ಗೊತ್ತು; ಅಂಥವರಿಗೆ ನಾನೂ ಕಲಿಸಿದ್ದೇನೆ, ಹೆಚ್ಚಿನವರು ಮೂರು ತಿಂಗಳಿಗೆ ಮಾಯವಾದರು. ಬತ್ತಿಯಾತೊ ಉಳಿದರು. ಗುರು ಶಿಷ್ಯರಿಬ್ಬರೂ ಕೂಡಿಯೇ ಹಾಡು ಕಟ್ಟತೊಡಗಿದರು. 1981ರ ‘ಲಾ ವೊಚೆ ದೆಲ್ ಪದ್ರೋನೆ’ಯಲ್ಲಿ ಇರುವುದು ಏಳೇ ಹಾಡು, ಹತ್ತು ಲಕ್ಷ ಪ್ರತಿ ಮಾರಾಟ ದಾಟಿದ ಮೊದಲ ಇಟಾಲಿಯನ್ ಆಲ್ಬಂ ಅದು. ಅದೇ ವರ್ಷ ಗಾಯಕಿ ಆಲಿಚೆ ಹಾಡಿ ಇಟಲಿಯ ಸಾನ್‌ರೆಮೊ ಗೀತೋತ್ಸವ ಗೆದ್ದ ‘ಪೆರ್ ಎಲೀಸಾ’ದಲ್ಲಿಯೂ ಪಿಯೊ ಕೈಯಿದೆ. ಅದರ ಹೆಸರೇ ಬೀಥೋವನ್‌ನ ಪಿಯಾನೊ ಕೃತಿಯದು. (ಇದೇ ಬತ್ತಿಯಾತೊ ಇನ್ನೊಂದು ಹಾಡಿನಲ್ಲಿ ಬೀಥೋವನ್‌ಗಿಂತ ಸಲಾಡ್ ಮೇಲು, ವಿವಾಲ್ಡಿಗಿಂತ ಒಣದ್ರಾಕ್ಷಿ ಮೇಲು ಎಂದು ಕುಚೋದ್ಯ ಮಾಡುತ್ತಾರೆ. ಕಲಿತವನಿಗೆ ಸಲ್ಲುವ ಸಲಿಗೆ.) ಇಡೀ ಲೇಖನದಲ್ಲಿ ಪಿಯೊ ಹೆಸರು ಒಮ್ಮೆಯೂ ಬಂದಿಲ್ಲ.

ಇನ್ನು, 1996ರ ‘ಲಾ ಕೂರಾ’ವನ್ನು ಲೇಖಕರು ‘ಮಧುರ ಪ್ರೇಮಗೀತೆ’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದಾರೆ. ಅದರ ಸಾಹಿತ್ಯದಲ್ಲಿ ಬತ್ತಿಯಾತೊಗೆ ಜೊತೆಯಾದವರು ಸಿಸಿಲಿಯ ತತ್ವಜ್ಞಾನಿ ಮನ್ಲಿಯೊ ಸ್ಗಲಾಂಬ್ರೊ. ಮೊದಲ ಪುಸ್ತಕ ಅಚ್ಚಾದಾಗ ಅರವತ್ತರ ಹೊಸ್ತಿಲಲ್ಲಿದ್ದ ಮನುಷ್ಯ, ಪಾಪ್ ಹಾಡು ಬರೆಯಲು ಕುಳಿತದ್ದು ಎಪ್ಪತ್ತರ ವಯಸ್ಸಿನಲ್ಲಿ! ಕಾಯಿಲೆಯ ಭಯದಿಂದಲೂ ನಿನ್ನನ್ನು ಕಾಯುತ್ತೇನೆ ಎನ್ನುವ ಆ ದನಿ ಪ್ರಿಯಕರನದೋ, ದೇವರದೋ, ತನ್ನನ್ನೇ ಸಂತೈಸುವ ಆತ್ಮದ್ದೋ? ನೂರು ಸಲ ಕೇಳಿದ್ದೇನೆ. ಒಂದೊಂದು ಸಲ ಒಂದೊಂದು ಉತ್ತರ ಹೊಳೆಯುತ್ತದೆ.

ತಿದ್ದುಪಡಿಗೆ ಜಾಗವಿದ್ದರೆ ಇಷ್ಟು ಅಚ್ಚು ಹಾಕಿಸಿ: ಜೂಸ್ತೊ ಪಿಯೊ, ಪಿಟೀಲು.

ಇತಿ,
ನಿವೃತ್ತ ಪಿಟೀಲು ಶಿಕ್ಷಕಿ