ಮಲಗಿ ಹಾಡಿದ ರಾತ್ರಿಯ ಋಣ

ಆಸ್ಪತ್ರೆಯಿಂದ ಮನೆಗೆ ಬಂದಿದ್ದೇನೆ. ಮಾನ್ವಿಯ ನಮ್ಮ ಓಣಿಯ ತುದಿಯವರೆಗೆ ಈಗ ಒಬ್ಬಳೇ ನಡೆದು ಬರುತ್ತೇನೆ. ಏನಾಗಿತ್ತು ಅನ್ನೋದು ನಿಮಗೆಲ್ಲ ಗೊತ್ತು, ಬಿಡಿ. ರಕ್ತ ಕೊಟ್ಟ ಹುಡುಗರು, ಸಿಂಧನೂರಿನಿಂದ ದುಡ್ಡು ಕಳಿಸಿದ ತಮ್ಮ, ರಾಯಚೂರಿಗೆ ಬುತ್ತಿ ಹೊತ್ತು ತಂದ ನೆಗೆಣ್ಣಿ, ನಿಮ್ಮೆಲ್ಲರ ಋಣ ನನ್ನ ಮೇಲಿದೆ.

ಇನ್ನು ಒಬ್ಬಳ ಮಾತು. ಹೆಸರು ಬರೆದರೆ ಮಾತು ಬಿಡ್ತೀನಿ ಅಂದಿದ್ದಾಳೆ, ಬರೆಯುವುದಿಲ್ಲ. ನನ್ನ ಜೊತೆ ಶಾಲೆಯಲ್ಲಿ ಕಲಿಸಿದವಳು, ಲಿಂಗಸುಗೂರು ಕಡೆಯವಳು. ಪೂಜೆ ಪುನಸ್ಕಾರ ಅಂದರೆ ಮಾರುದೂರ. ಆದರೆ ತಮ್ಮ ಕಡೆಯ ಶರಣೆ, ವಚನಕಾರ್ತಿ ಆಯ್ದಕ್ಕಿ ಲಕ್ಕಮ್ಮನನ್ನು ಯಾರೂ ಏನೂ ಅನ್ನುವಂತಿಲ್ಲ. ಹೆಚ್ಚಿಗೆ ಅಕ್ಕಿ ತಂದ ಗಂಡನಿಗೆ ‘ಈಸಕ್ಕಿಯಾಸೆ ನಿಮಗೇಕೆ’ ಅಂದವಳ ವಚನಗಳನ್ನು ನನ್ನ ಕೈಗಿಟ್ಟವಳೇ ಇವಳು. ಮಡಿಯಲ್ಲಿ ಬೆಳೆದ ನನಗೆ ಭಕ್ತಿಗೂ ದುಡಿಮೆಗೂ ಇರುವ ನಂಟು ಕಂಡದ್ದು ಆ ಪುಸ್ತಕದಲ್ಲಿ. ನನ್ನದು ಅಮ್ಮ ಬಿಟ್ಟುಹೋದ ಹರಿಕಥಾಮೃತಸಾರ, ನಮ್ಮ ಮಾನ್ವಿಯ ಜಗನ್ನಾಥದಾಸರು ಬರೆದ ಹರಿಭಕ್ತಿಯ ಕಾವ್ಯ. ಅಕ್ಷರ ಕಲಿಯುವ ಮೊದಲೇ ಕಿವಿಗೆ ಬಿದ್ದದ್ದು.

ಆಪರೇಷನ್ ಆದ ರಾತ್ರಿ ಅದೂ ಬೇಡವಾಗಿತ್ತು. ಯಾವ ದೇವರೂ ಬೇಡ, ಬೆಳಗೂ ಬೇಡ, ಒಮ್ಮೆ ಮುಗಿದರೆ ಸಾಕು ಅನ್ನಿಸಿತ್ತು. ಮನೆಯವರಿಗೆ ಇದನ್ನು ಈವರೆಗೆ ಹೇಳಿರಲಿಲ್ಲ. ಅವಳಿಗೆ ಮುಖ ನೋಡಿಯೇ ತಿಳಿಯಿತೋ ಏನೋ, ದಿಂಬಿನ ಕೆಳಗಿದ್ದ ಅಮ್ಮನ ಪುಸ್ತಕ ತೆಗೆದು ಅದರ ಕರುಣಾಸಂಧಿ ಅನ್ನುವ ಅಧ್ಯಾಯ ಓದತೊಡಗಿದಳು. ಭಾಮಿನಿ ಷಟ್ಪದಿಯನ್ನು ಹಾಜರಿ ಕರೆದ ಹಾಗೆ ಓದಿದಳು. ‘ನಾಲಿಗೀನ ಹೊರಳವಲ್ದು ಅಕ್ಕಾ, ನೀವ ಅನ್ರಿ’ ಅಂದಳು. ಆ ಓದು ಕೇಳಲಾರದೆ ನಾನೇ ಶುರುಮಾಡಿದೆ. ತಪ್ಪಿದಲ್ಲಿ ಪುಸ್ತಕ ನೋಡಿ ಎತ್ತಿಕೊಟ್ಟಳು.

‘ಮಲಗಿ ಪರಮಾದರದಿ ಪಾಡಲು ಕುಳಿತು ಕೇಳುವ’ ಅನ್ನುವ ಸಾಲು ಬಂತು. ಭಕ್ತ ಮಲಗಿ ಹಾಡಿದರೆ ಹರಿ ಕುಳಿತು ಕೇಳುತ್ತಾನೆ, ಕುಳಿತು ಹಾಡಿದರೆ ನಿಲ್ಲುತ್ತಾನೆ, ನಿಂತರೆ ನಲಿಯುತ್ತಾನೆ. ಇವಳು ತಡೆದು, ‘ಈಗ ಕುಂತು ಕೇಳಾಕತ್ತಾಕಿ ನಾನು. ನಿಮ್ಮ ಹರಿ ಎಲ್ಲದಾನ?’ ಅಂದಳು. ನಗು ಬಂತು, ಹೊಲಿಗೆ ಹಾಕಿದಲ್ಲಿ ಜೀವ ಹೋಗುವಷ್ಟು ನೋವೂ ಬಂತು. ಬೆಳಗಿನವರೆಗೆ ಆ ಸ್ಟೂಲು ಬಿಟ್ಟು ಏಳಲಿಲ್ಲ ಪುಣ್ಯಾತ್ಗಿತ್ತಿ.

ಜಗನ್ನಾಥದಾಸರ ಹೊಟ್ಟೆನೋವಿನ ಕಥೆ ನಮ್ಮೂರಲ್ಲಿ ಹುಡುಗರಿಗೂ ಗೊತ್ತು. ಆ ನೋವಿನಿಂದ ಉಳಿಸಲಿಕ್ಕೆ ಅವರ ಗುರು ಗೋಪಾಲದಾಸರು ತಮ್ಮ ಆಯುಸ್ಸಿನಲ್ಲಿ 40 ವರ್ಷ ಅವರಿಗೆ ಧಾರೆ ಎರೆದರಂತೆ. ಅದರ ಫಲವೇ ನಮ್ಮ ಕೈಲಿರುವ ಈ ಗ್ರಂಥ ಅಂತ ಅಮ್ಮ ಹೇಳುತ್ತಿದ್ದಳು. ಚಿಕ್ಕವಳಿದ್ದಾಗ ಆಯುಸ್ಸನ್ನು ಹೇಗೆ ಕೊಡುತ್ತಾರೆ ಅಂತ ಕೇಳಿ ಬೈಸಿಕೊಂಡಿದ್ದೆ. ಇವಳು ರಜೆ ಹಾಕಿದಳು, ಸಂಬಳ ಬಿಟ್ಟಳು, ನಿದ್ದೆ ಬಿಟ್ಟಳು. ಕೇಳಿದರೆ ‘ಕಾಯಕ ರೀ ಅಕ್ಕಾ, ದೊಡ್ಡದು ಮಾಡಬ್ಯಾಡ್ರಿ’ ಅನ್ನುತ್ತಾಳೆ.

ಅಮ್ಮನ ಪುಸ್ತಕ ಇನ್ನೂ ಅವಳ ಹತ್ತಿರವೇ ಇದೆ. ನಂಬಿಕೆ ಬಂದಿದೆ ಅಂತಲ್ಲ, ಜಗಳ ತೆಗೆಯಲಿಕ್ಕೆ. ದಿನಕ್ಕೊಂದು ತಕರಾರು ವಾಟ್ಸಾಪಿನಲ್ಲಿ ಬರುತ್ತದೆ, ನಿನ್ನೆಯದು ತಾರತಮ್ಯದ ಮೇಲೆ, ಅಂದರೆ ದೇವತೆಗಳಲ್ಲಿ, ಜೀವರಲ್ಲಿ ಮೇಲು ಕೆಳಗು ಉಂಟು ಅನ್ನುವ ಮಾತಿನ ಮೇಲೆ. ಅದಕ್ಕೆ ಉತ್ತರ ಮೊಬೈಲಿನಲ್ಲಿ ಕುಟ್ಟುವಂಥದ್ದಲ್ಲ. ಬ್ಯಾಸಗಿ ರಜೆಗೆ ಮಾನ್ವಿಗೆ ಬಾ ಮಾರಾಯ್ತಿ, ಪುಸ್ತಕ ಮರೆಯದೆ ತಾ.