ಬಿಚ್ಚಬೇಕೋ, ಹಾಗೇ ಬಿಡಬೇಕೋ

ಹಾರ್ಟಲ್‌ಪೂಲ್, ಇಂಗ್ಲೆಂಡ್
ಭಾನುವಾರ

ಪ್ರೀತಿಯ ಅಪ್ಪಯ್ಯ ಮತ್ತು ಅಮ್ಮನಿಗೆ,

ನಮಸ್ಕಾರಗಳು. ನಾನಿಲ್ಲಿ ಚೆನ್ನಾಗಿದ್ದೇನೆ. ಅಮ್ಮನ ಮಂಡಿನೋವು ಹೇಗಿದೆ? ಹೊಸನಗರದಲ್ಲಿ ಮಳೆ ಬಿಡುವೇ ಕೊಟ್ಟಿಲ್ಲ ಅಂತ ತಮ್ಮ ಹೇಳಿದ. ಅಡಿಕೆ ತೋಟಕ್ಕೆ ಬೋರ್ಡೋ ಔಷಧಿ ಹೊಡೆದಾಯ್ತಾ? ಕೊಳೆರೋಗ ಶುರುವಾಗುವ ಮೊದಲೇ ಒಂದು ಸುತ್ತು ಮುಗಿದರೆ ಒಳ್ಳೆಯದು.

ಅಪ್ಪಯ್ಯ, ಮೊನ್ನೆ ವಿಡಿಯೋ ಕಾಲ್‌ನಲ್ಲಿ ನನ್ನ ಮೇಜಿನ ಮೇಲಿದ್ದ ಮರದ ಸಾಮಾನು ನೋಡಿ "ಅದೇನೇ ಅದು?" ಅಂತ ಕೇಳಿದಿರಿ. ಅಷ್ಟರಲ್ಲಿ ಕರೆಂಟ್ ಹೋಗಿ ಫೋನ್ ಕಟ್ಟಾಯಿತು. ಅದು ಫೋನಿನಲ್ಲಿ ಹೇಳಿ ಮುಗಿಯುವ ವಿಷಯವೂ ಅಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ನಿಮ್ಮ ಹತ್ತಿರ ಕೇಳಬೇಕಾದದ್ದೂ ಇದೆ.

ಅದು ಹಾಯಿ ಹಡಗಿನ ಮಾದರಿ. ನಮ್ಮ ಕಡೆ ಹಡಗು ಅಂದರೆ ಶರಾವತಿ ಹಿನ್ನೀರು ದಾಟಿಸುವ ಹೊಳೆಬಾಗಿಲಿನ ಲಾಂಚ್ ಒಂದೇ ಅಲ್ವಾ, ಈಗ ಅಲ್ಲಿಗೂ ಸೇತುವೆ ಬಂತು. ಇದು ಮೂರು ಕೂವೆಮರದ, ಅಂದರೆ ಹಾಯಿ ಕಟ್ಟುವ ಮೂರು ಎತ್ತರದ ಕಂಬಗಳ, ಯುದ್ಧದ ಹಡಗು. ಹೆಸರು ಟ್ರಿಂಕೋಮಲಿ. ನಿಜವಾದ ಹಡಗು ನನ್ನ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ, ಇಲ್ಲಿನ ಮ್ಯೂಸಿಯಂನ ಡಾಕ್‌ನಲ್ಲಿ ನೀರಿನ ಮೇಲೆ ನಿಂತಿದೆ. ನಿಮಗೆ ಇಷ್ಟವಾಗುವ ಸಂಗತಿ ಏನು ಗೊತ್ತಾ? ಅದನ್ನು ಕಟ್ಟಿದ್ದು ಮುಂಬಯಿಯಲ್ಲಿ. ಕಟ್ಟಿದವರು ಪಾರ್ಸಿ ಮೇಸ್ತ್ರಿ ಜಮ್ಶೇಟ್‌ಜಿ ಬೊಮನ್‌ಜಿ ವಾಡಿಯಾ. ಮರ ಮಲಬಾರಿನ ಸಾಗುವಾನಿ. ಅಂದರೆ ನಮ್ಮ ಘಟ್ಟದ ಸಾಲಿನದೇ ಮರ! 1817ರ ಅಕ್ಟೋಬರ್‌ನಲ್ಲಿ ನೀರಿಗಿಳಿದದ್ದು ಇವತ್ತಿಗೂ ತೇಲುತ್ತಿದೆ. ಬ್ರಿಟನ್ನಿನಲ್ಲಿ ಈಗ ತೇಲುತ್ತಿರುವ ಯುದ್ಧದ ಹಡಗುಗಳಲ್ಲಿ ಇದೇ ಎಲ್ಲಕ್ಕಿಂತ ಹಳೆಯದು.

ಆಗ ನೆಪೋಲಿಯನ್ ಜೊತೆ ಯುದ್ಧ ನಡೆದು ಇಲ್ಲಿ ಓಕ್ ಮರಕ್ಕೆ ತತ್ವಾರ ಬಂದಿತ್ತು. ಅದಕ್ಕೇ ಮುಂಬಯಿಗೆ ಹೇಳಿ ಕಟ್ಟಿಸಿದರು. ಓಕ್ ಮರದಲ್ಲಿ ಹುಳಿ ಜಾಸ್ತಿ, ಕಬ್ಬಿಣದ ಮೊಳೆ ಹೊಡೆದರೆ ತಿಂದು ಹಾಕುತ್ತದೆ. ಸಾಗುವಾನಿಯಲ್ಲಿ ಎಣ್ಣೆ ಇರುವುದರಿಂದ ಮೊಳೆಯೂ ಉಳಿಯುತ್ತದೆ, ಮರವೂ ಉಳಿಯುತ್ತದೆ. ಇದನ್ನು ನಾನು ನಿಮಗೆ ಹೇಳಬೇಕಾಗಿಲ್ಲ. ಆದರೆ ಡೆಕ್‌ನ ಕೆಳಗಿನ ಅಂತಸ್ತಿನಲ್ಲಿ ನಿಂತು ಆ ತೊಲೆಗಳನ್ನು ಕೈಯಲ್ಲಿ ಮುಟ್ಟಿದಾಗ ನೀವು ಪಕ್ಕದಲ್ಲಿರಬೇಕಿತ್ತು ಅನ್ನಿಸಿತು. ಅದರ ಅಡಿಮರ ಇಡುವಾಗ ಪಾರ್ಸಿ ಪದ್ಧತಿಯಂತೆ ಬೆಳ್ಳಿಯ ಮೊಳೆ ಹೊಡೆದಿದ್ದರಂತೆ. ಬಾಗಿಲವಾಡ ನಿಲ್ಲಿಸುವಾಗ ನೀವು ಅಡಿಗೆ ನವರತ್ನದ ಪೊಟ್ಟಣ ಇಡಿಸುತ್ತಿದ್ದದ್ದು ನೆನಪಾಯಿತು.

ಮಾದರಿ ನಾನು ಶುರುಮಾಡಿದ್ದಲ್ಲ. ಪಕ್ಕದ ಮನೆಯ ಅಜ್ಜಿಯ ಯಜಮಾನರು ಶುರುಮಾಡಿದ್ದು. ಅವರು ಟೀಸ್ ನದಿಯ ದಡದ ಹಡಗು ಯಾರ್ಡಿನಲ್ಲಿ ಎಂಜಿನ್ ಫಿಟ್ಟರ್ ಆಗಿದ್ದರಂತೆ. ರಿಟೈರ್ ಆದಮೇಲೆ ನಕ್ಷೆ ತರಿಸಿ, ಪ್ಲೈವುಡ್ ಕೊಯ್ದು, ತಾವೇ ಕಟ್ಟಲು ಕೂತರು. ಅರ್ಧಕ್ಕೆ ನಿಂತಿತು. ಅವರು ತೀರಿಕೊಂಡ ಮೇಲೆ ಅದು ಗ್ಯಾರೇಜಿನಲ್ಲಿ ಗೋಡೆಗೆ ಒರಗಿಕೊಂಡೇ ವರ್ಷಗಟ್ಟಲೆ ಇತ್ತು. ನೀವು ಮರಗೆಲಸದವರು ಅಂತ ಒಮ್ಮೆ ಮಾತಿಗೆ ಹೇಳಿದ್ದೆ. ಅದನ್ನು ನೆನಪಿಟ್ಟುಕೊಂಡು ಅಜ್ಜಿ ಒಂದು ದಿನ ಕರೆದು, "ನೀನು ತಗೊಂಡು ಹೋಗು" ಅಂದರು.

ಇದನ್ನು ಕಟ್ಟುವ ಕ್ರಮ ಹೇಳುತ್ತೇನೆ. ನಮ್ಮ ಹಂಚಿನ ಮಾಡನ್ನು ಮಗುಚಿ ಇಟ್ಟ ಹಾಗೆ ಅಂದುಕೊಳ್ಳಿ. ನಡುವೆ ಉದ್ದಕ್ಕೆ ಒಂದು ಬೆನ್ನುಮರ, ಅದಕ್ಕೆ ಕೀಲ್ ಅಂತಾರೆ. ಅದರಲ್ಲಿ ಕಚ್ಚು ಕೊಯ್ದು ಅಡ್ಡ ಹಲಗೆಗಳನ್ನು ಕೂರಿಸುವುದು, ಅವು ಮಾಡಿನ ಇಳಿಜಾರು ಪಕಾಸಿನ ಜಾಗದಲ್ಲಿ. ಮೇಲಿಂದ ರೀಪಿನ ಹಾಗೆ ತೆಳ್ಳನೆಯ ಪಟ್ಟಿಗಳನ್ನು ಅಂಟಿಸುತ್ತಾ ಬರುವುದು. ಅಳತೆ ಅರವತ್ತನಾಲ್ಕಕ್ಕೆ ಒಂದು. ನಿಜವಾದ ಹಡಗಿನ ತೋಪಿನ ಅಂತಸ್ತು ಸುಮಾರು 150 ಅಡಿ ಉದ್ದ, ಇದರಲ್ಲಿ ಅದು 28 ಇಂಚು ಬರುತ್ತದೆ. ಪಟ್ಟಿ ಲೈಮ್ ಅನ್ನುವ ಮೆತ್ತನೆಯ ಮರದ್ದು, 5 ಮಿಲಿಮೀಟರ್ ಅಗಲ. ಅದರ ಮೇಲೆ ಇನ್ನೊಂದು ಪದರ, ಇನ್ನೂ ತೆಳ್ಳಗಿನದು. ಕಣ್ಣಿಗೆ ಕಾಣುವುದು ಆ ಎರಡನೆಯದು ಮಾತ್ರ.

ಅಜ್ಜಿ ಕೊಟ್ಟಾಗ ಒಂದು ಪದರವೂ ಪೂರ್ತಿಯಾಗಿರಲಿಲ್ಲ. ಎಡಗಡೆ ಏಳು ಪಟ್ಟಿ ಅಂಟಿತ್ತು, ಬಲಗಡೆ ಒಂದೂ ಇಲ್ಲ. ಬೆನ್ನುಮರದ ಎರಡು ತುದಿಗೆ ದಾರ ಎಳೆದು ಹಿಡಿದು ನೋಡಿದರೆ ನಡುವೆ 4 ಮಿಲಿಮೀಟರ್ ಎಡಕ್ಕೆ ಬಾಗಿತ್ತು. ಪಟ್ಟಿಗಳನ್ನು ಎಡಕ್ಕೊಂದು ಬಲಕ್ಕೊಂದು ಹಾಕುತ್ತಾ ಬರಬೇಕು. ಇಲ್ಲದಿದ್ದರೆ ಒಂದೇ ಕಡೆ ಎಳೆತ ಬಿದ್ದು ಬೆನ್ನು ಸೊಟ್ಟಗಾಗುತ್ತದೆ. ಅದರ ಮೇಲೆ ಗ್ಯಾರೇಜಿನ ಥಂಡಿ ಬೇರೆ, ಸಮುದ್ರದ ಪಕ್ಕದ ಊರು.

ಎರಡನೆಯ ದೋಷ ಮೂತಿಯ ಹತ್ತಿರ. ಹಡಗು ನಡುವೆ ದಪ್ಪ, ಮುಂದೆ ಸಣ್ಣ. ನಡುವೆ ಐದೈದು ಮಿಲಿಮೀಟರಿನ ಪಟ್ಟಿ ಸರಿಯಾಗಿ ಕೂತರೆ ಮೂತಿಯಲ್ಲಿ ಅಷ್ಟೇ ಪಟ್ಟಿಗೆ ಜಾಗ ಎಲ್ಲಿಂದ ಬರಬೇಕು? ಪ್ರತಿ ಪಟ್ಟಿಯನ್ನೂ ಮುಂದಕ್ಕೆ ಹೋಗುತ್ತಾ ಕೀಸಿ ಸಪೂರ ಮಾಡಬೇಕು. ಅವರು ಮಾಡಿರಲಿಲ್ಲ. ನಾಲ್ಕನೆಯ ಪಟ್ಟಿಯಿಂದ ಮುಂದೆ ಒಂದರ ಮೇಲೊಂದು ಹತ್ತಿ ಕೂತಿದ್ದವು.

ಒಂದು ವಿಷಯ ಮಾತ್ರ ಬಹಳ ಚೆನ್ನಾಗಿತ್ತು. ಅಡ್ಡ ಹಲಗೆಗಳ ಅಂಚನ್ನು ಓರೆಯಾಗಿ ಕೀಸಿಕೊಳ್ಳಬೇಕು, ಪಟ್ಟಿ ಮೈಪೂರ್ತಿ ಒರಗುವ ಹಾಗೆ. ಅದನ್ನು ಅವರು ಎಷ್ಟು ತಾಳ್ಮೆಯಿಂದ ಮಾಡಿದ್ದರು ಅಂದರೆ, ಯಾವ ಜಾಗದಲ್ಲಿ ಪಟ್ಟಿ ಹಿಡಿದರೂ ಕೆಳಗೆ ಬೆಳಕು ಕಾಣುವುದಿಲ್ಲ. ಎಂಜಿನ್ ಫಿಟ್ಟರ್ ಕೈ ಅದು. ನೂಲಿನಷ್ಟು ಸಂದೂ ಬಿಡುವವರಲ್ಲ.

ಈಗ ನನ್ನ ಸಂಕಟ ಅರ್ಥವಾಯಿತಲ್ಲ ಅಪ್ಪಯ್ಯ? ತೀರಿಹೋದ ಮನುಷ್ಯ ಕೈಯಾರೆ ಅಂಟಿಸಿದ್ದು. ಬಿಚ್ಚಿದರೆ ಅವರದ್ದು ಅಂತ ಏನು ಉಳಿಯುತ್ತದೆ? ಬಿಚ್ಚದಿದ್ದರೆ ಮೇಲೆ ಬರುವುದೆಲ್ಲ ಸೊಟ್ಟ. ಬೆನ್ನು ನೆಟ್ಟಗಿಲ್ಲದಿದ್ದರೆ ಡೆಕ್ ತಿರುಚುತ್ತದೆ, ಡೆಕ್ ತಿರುಚಿದರೆ ಕೂವೆಮರ ವಾಲುತ್ತದೆ, ಕೂವೆಮರ ವಾಲಿದರೆ ಒಂದು ಕಡೆಯ ಹಗ್ಗ ಬಿಗಿಯಾಗಿ ಇನ್ನೊಂದು ಕಡೆಯದು ಜೋಲು. ಎರಡನೆಯ ಪದರದ ಅಡಿಯಲ್ಲಿ ಮುಚ್ಚಿಹಾಕುವ ದೋಷ ಅಲ್ಲ ಅದು.

ಎಷ್ಟೋ ದಿನ ಸುಮ್ನೆ ನೋಡುತ್ತಾ ಕೂತಿದ್ದೆ. ಹಳೇ ಮನೆಯ ಜಗಲಿ ಕಂಬದ ಬುಡ ಗೆದ್ದಲು ತಿಂದಾಗ ನೀವು ಇಡೀ ಕಂಬ ಕೀಳಲಿಲ್ಲ. ಬುಡ ಮಾತ್ರ ಓರೆಗೆ ಕೊಯ್ದು ಹೊಸ ಹಲಸು ಕೂರಿಸಿದಿರಿ. "ಮೇಲಿನ ಕೆತ್ತನೆ ಯಾರ ಕೈಯದ್ದೋ, ನಾವ್ಯಾಕೆ ಕೆಡಿಸಬೇಕು" ಅಂದಿರಿ. ಅದೇ ನೀವು, ದಾರಕ್ಕೆ ಕಟ್ಟಿದ ತೂಕದ ಗುಂಡಿಗೆ ಸರಿಬಾರದ ಬಾಗಿಲವಾಡವನ್ನು ಗಾರೆ ಒಣಗಿದ ಮೇಲೂ ಕಿತ್ತು ನಿಲ್ಲಿಸಿದ್ದೂ ನನಗೆ ಗೊತ್ತು. ಇವೆರಡರಲ್ಲಿ ಇದು ಯಾವುದು?

ಉತ್ತರ ಹಡಗಿನ ಒಳಗೇ ಸಿಕ್ಕಿತು. ಮೂತಿಯಿಂದ ಮೂರನೆಯ ಅಡ್ಡ ಹಲಗೆಯ ಒಳಮೈಗೆ ಟಾರ್ಚ್ ಬಿಟ್ಟು ನೋಡುತ್ತಿದ್ದೆ. ಪೆನ್ಸಿಲ್‌ನಲ್ಲಿ ಸಣ್ಣ ಬಾಣದ ಗುರುತು, ಪಟ್ಟಿ ಏರಿಕೊಂಡಿದ್ದ ಜಾಗಕ್ಕೇ ನೇರ. ಪಕ್ಕದಲ್ಲಿ "ತಪ್ಪು, ಐದನೆಯದರಿಂದ ತೆಗೆ" ಅಂತ ಇಂಗ್ಲಿಷಿನಲ್ಲಿ ಬರೆದಿದ್ದರು. ಅವರಿಗೆ ಗೊತ್ತಿತ್ತು! ತೆಗೆಯಬೇಕು ಅಂತ ಗುರುತು ಹಾಕಿಟ್ಟುಕೊಂಡಿದ್ದರು, ಸಮಯ ಸಿಗಲಿಲ್ಲ ಅಷ್ಟೇ. ಅಜ್ಜಿಯನ್ನು ಕರೆದು ತೋರಿಸಿದೆ. ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿದರು. "ಅವನ ಅಕ್ಷರವೇ. ಅವನು ಹೇಳಿದ ಹಾಗೆ ಮಾಡು" ಅಂದರು.

ಬಿಚ್ಚುವ ಕೆಲಸ ನೋಡಲು ನಿಮಗೆ ಖುಷಿಯಾಗುತ್ತಿತ್ತು. ಅಂಟು ನಮ್ಮ ಫೆವಿಕಾಲ್ ಜಾತಿಯದ್ದೇ. ಅದನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಸಡಿಲ ಮಾಡುತ್ತದೆ, ಇಂಜೆಕ್ಷನ್ ಕೊಡುವ ಮೊದಲು ತೋಳು ಒರೆಸುತ್ತಾರಲ್ಲ, ಆ ತರಹದ ಸ್ಪಿರಿಟ್. ಸಣ್ಣ ಕುಂಚದಲ್ಲಿ ಜೋಡಣೆಯ ಸಂದಿಗೆ ಮಾತ್ರ ಹಚ್ಚಬೇಕು. ಕಾಯಬೇಕು. ಅಂಟು ಹಾಲಿನ ಹಾಗೆ ಬೆಳ್ಳಗಾಗುತ್ತಾ ಬರುತ್ತದೆ. ಆಗ ತೆಳ್ಳನೆಯ ಚಾಕುವನ್ನು ಒಳಗೆ ತೂರಿಸಿ ಸುಮ್ನೆ ಹಿಡಿದುಕೊಳ್ಳಬೇಕು, ಮೀಟಬಾರದು. ಮೀಟಿದರೆ ಅಡ್ಡ ಹಲಗೆಯ ಪದರವೇ ಕಿತ್ತು ಬರುತ್ತದೆ. ಇನ್ನೊಮ್ಮೆ ಹಚ್ಚಿ, ಇನ್ನೊಮ್ಮೆ ಕಾದರೆ, ಪಟ್ಟಿ ತಾನೇ "ಟಕ್" ಅಂತ ಬಿಡುತ್ತದೆ. ಸ್ಪಿರಿಟ್ ವಾಸನೆ ತಲೆಗೇರುತ್ತದೆ, ಕಿಟಕಿ ತೆಗೆದಿಟ್ಟೇ ಮಾಡುತ್ತೇನೆ, ಹೆದರಬೇಡಿ.

ಅವರು ಐದನೆಯದರಿಂದ ಅಂತ ಬರೆದಿದ್ದರೂ ಏಳನ್ನೂ ತೆಗೆದೆ. ಬೆನ್ನು ನೆಟ್ಟಗಾಗಬೇಕಾದರೆ ಬೇರೆ ದಾರಿ ಇರಲಿಲ್ಲ. ಆಮೇಲೆ ಬೆನ್ನುಮರಕ್ಕೆ ಒದ್ದೆ ಬಟ್ಟೆ ಸುತ್ತಿ, ಎರಡು ಅಲ್ಯೂಮಿನಿಯಂ ಆಂಗಲ್ ನಡುವೆ ಬಿಗಿದು ಒಣಗಲು ಬಿಟ್ಟೆ. ಬಿಚ್ಚಿದಾಗ ಕೂದಲೆಳೆಯಷ್ಟು ಬಾಗು ಉಳಿದಿತ್ತು. ಅಡ್ಡ ಹಲಗೆಗಳ ನಡುವೆ ಗಟ್ಟಿ ಮರದ ತುಂಡುಗಳನ್ನು ಬಿಗಿಯಾಗಿ ಕೂರಿಸಿ ಅಂಟಿಸಿದ ಮೇಲೆ ಅದೂ ಹೋಯಿತು. ಈಗ ದಾರ ಹಿಡಿದರೆ ಎಲ್ಲ ಗುರುತೂ ಒಂದೇ ಗೆರೆಯಲ್ಲಿ.

ಬಿಚ್ಚಿದ ಪಟ್ಟಿಗಳನ್ನು ಎಸೆಯಲಿಲ್ಲ. ಸಪೂರ ಮಾಡುವುದು ಅಂದರೆ ಇದ್ದದ್ದರಲ್ಲಿ ಕೀಸಿ ತೆಗೆಯುವುದು ತಾನೇ? ಹಾಗಾಗಿ ಅವರ ಪಟ್ಟಿಯೇ ಸಾಕು. ಪ್ರತಿ ಅಡ್ಡ ಹಲಗೆಯ ಅಂಚಿಗೂ ಕಾಗದದ ಪಟ್ಟಿ ಸುತ್ತಿ, ಸುತ್ತಳತೆ ಗುರುತು ಮಾಡಿ, ಅದನ್ನು ಪಟ್ಟಿಗಳ ಲೆಕ್ಕಕ್ಕೆ ಭಾಗ ಮಾಡಿದೆ. ನಡುವೆ 5 ಬಂದದ್ದು ಮೂತಿಯಲ್ಲಿ 3ಕ್ಕೆ ಇಳಿಯಿತು. ಅರ್ಧಕ್ಕಿಂತ ಸಪೂರ ಮಾಡಬಾರದು ಅಂತ ಇಲ್ಲಿನವರು ಹೇಳುತ್ತಾರೆ. ಹಾಗೆ ಬಂದರೆ ಎರಡು ಪಟ್ಟಿಯ ಜಾಗಕ್ಕೆ ಒಂದನ್ನೇ ತಂದು ಕೂಡಿಸಬೇಕಂತೆ. ನಮಗೆ ಅಷ್ಟು ಬೇಕಾಗಲಿಲ್ಲ. ಏಳರಲ್ಲಿ ಒಂದು ಬಿಚ್ಚುವಾಗಲೇ ಸೀಳಿತು. ಉಳಿದ ಆರೂ ಬಿಸಿನೀರಲ್ಲಿ ನೆನೆದು, ಮತ್ತೆ ಬಾಗಿ, ಹಡಗಿನ ಮೈಗೇ ಹೋಗಿ ಕೂತಿವೆ. ಮೂರು ಎಡಕ್ಕೆ, ಮೂರು ಬಲಕ್ಕೆ. ಎರಡೂ ಕಡೆ ಅವರ ಕೈಯೇ ಇರಲಿ ಅಂತ.

ಇನ್ನು ತೋಪಿನ ಬಾಯಿ ಹೊರಚಾಚುವ ಕಿಟಕಿಗಳು. ಅವುಗಳ ಚೌಕಟ್ಟನ್ನೂ ಅವರು ಕೂರಿಸಿಟ್ಟಿದ್ದರು. ಹಡಗಿನ ಡೆಕ್ ಉದ್ದಕ್ಕೂ ಮಟ್ಟವಾಗಿರುವುದಿಲ್ಲ, ಎರಡು ತುದಿಗೂ ಮೇಲೆ ಏರುತ್ತದೆ. ಕಿಟಕಿಯ ಕೆಳಪಟ್ಟಿ ಮೇಲ್ಪಟ್ಟಿ ಆ ಏರಿನ ಜೊತೆ ಹೋಗಬೇಕು, ಅಕ್ಕಪಕ್ಕದ್ದು ಮಾತ್ರ ಯಾವಾಗಲೂ ನೆಟ್ಟಗೆ ನಿಲ್ಲಬೇಕು. ಅವರು ಮೂಲೆಮಟ್ಟ ಇಟ್ಟು ನಾಲ್ಕು ಮೂಲೆಯನ್ನೂ ಸರಿಮೂಲೆ ಮಾಡಿದ್ದರು. ಹಾಗಾಗಿ ಏರು ಜಾಸ್ತಿಯಿರುವ ಕೊನೆಯ ಕಿಟಕಿಗಳು ಸ್ವಲ್ಪ ವಾಲಿವೆ. ನಡುವಿನವುಗಳಲ್ಲಿ ಏರೇ ಇಲ್ಲ, ವ್ಯತ್ಯಾಸವೂ ಗೊತ್ತಾಗುವುದಿಲ್ಲ. ಅವನ್ನು ಮುಟ್ಟುವುದಿಲ್ಲ ಅಂತ ನಿರ್ಧಾರ ಮಾಡಿದ್ದೇನೆ. ತುದಿಯವನ್ನು ಮಾತ್ರ ಬಿಚ್ಚಿ ನಿಲ್ಲಿಸುತ್ತೇನೆ. ಇದು ಸರಿ ತಾನೇ? ಜಗಲಿ ಕಂಬದ ಲೆಕ್ಕ ಅಂತ ನನಗನ್ನಿಸುತ್ತದೆ.

ಕೇಳಬೇಕಾದ್ದು ಅಂದೆನಲ್ಲ, ಅದು ಮೇಲಿನ ಪದರದ ಬಗ್ಗೆ. ಅಸಲಿ ಹಡಗು ಸಾಗುವಾನಿಯದ್ದು, ಆದರೆ ಇಷ್ಟು ಚಿಕ್ಕ ಮಾದರಿಗೆ ಸಾಗುವಾನಿ ಆಗುವುದಿಲ್ಲ. ಅದರ ನಾರು ದಪ್ಪ. ಅರವತ್ತನಾಲ್ಕರಲ್ಲಿ ಒಂದು ಪಾಲು ಮಾಡಿದ ಹಡಗಿನ ಮೇಲೆ ಪೂರ್ತಿ ಗಾತ್ರದ ರೇಖೆ ಬಂದರೆ ಕಣ್ಣಿಗೆ ಚುಚ್ಚುತ್ತದೆ. ಇಲ್ಲಿನವರು ಬಾಕ್ಸ್‌ವುಡ್, ಪೇರ್ ಅನ್ನುವ ನಯವಾದ ಮರ ಹಾಕುತ್ತಾರೆ. ಬೆಲೆ ಬಹಳ. ನನಗೆ ಹೆದ್ದಿ ಮರ ನೆನಪಾಯಿತು. ಹಳದಿ ಬಣ್ಣ, ನಾರು ಕಾಣದ ನಯ, ನೀವು ಬಾಚಣಿಗೆಗೂ ಲಟ್ಟಣಿಗೆಗೂ ಹಾಕುತ್ತಿದ್ದಿರಿ. ಕೊಟ್ಟಿಗೆಯ ಅಟ್ಟದ ಮೇಲೆ ಹಳೇ ತುಂಡುಗಳಿದ್ದವಲ್ಲ, ಅವು ಈಗಲೂ ಇವೆಯಾ? ಗಂಟಿಲ್ಲದ, ಎರಡು ಅಡಿ ಉದ್ದದ ಒಂದು ತುಂಡು ಸಿಕ್ಕರೂ ಸಾಕು. 1 ಮಿಲಿಮೀಟರ್ ದಪ್ಪಕ್ಕೆ ಸೀಳಿದರೆ ಬಾಗುತ್ತದೆಯೋ, ಮುರಿಯುತ್ತದೆಯೋ? ನೀವು ಒಂದು ಚೂರು ಕೀಸಿ, ಬಿಸಿನೀರಿಗೆ ಹಾಕಿ ನೋಡಿ ಹೇಳಬೇಕು. ಕೆಲಸ ಬಿಟ್ಟ ಮೇಲೆ ಕೈಗೆ ಹೊತ್ತೇ ಹೋಗುವುದಿಲ್ಲ ಅಂತೀರಲ್ಲ, ಇದನ್ನು ನೀವೇ ಮಾಡಿಕೊಡಿ. ಹೆದ್ದಿ ಬೇಡ, ಹಾಲೆ ಮರವೇ ವಾಸಿ ಅನ್ನಿಸಿದರೆ ಹಾಗೇ ಹೇಳಿ. ನಿಮ್ಮ ಮಾತೇ ಕೊನೆ.

ಹಗ್ಗದ ಕೆಲಸದ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ. ಅದು ಬೇರೆಯೇ ಲೋಕ. ಕೂವೆಮರಕ್ಕೆ ಬಲಗಡೆಯ ಮುಂದಿನ ಜೋಡಿ ಮೊದಲು, ಆಮೇಲೆ ಎಡಗಡೆಯದು, ಹೀಗೆ ಒಂದಾದ ಮೇಲೊಂದು ಕುಣಿಕೆ ಇಳಿಸುತ್ತಾ ಬರುತ್ತಾರಂತೆ.

ಅಮ್ಮಾ, ಅಪ್ಪೆಮಿಡಿ ಪಕ್ಕದ ಅಜ್ಜಿಗೂ ಒಂದು ಡಬ್ಬಿ ಕೊಟ್ಟೆ. ಮೊದಲು ಖಾರ ಅಂದವರು ಈಗ ಬ್ರೆಡ್ಡಿಗೂ ಹಚ್ಚಿಕೊಂಡು ತಿನ್ನುತ್ತಾರೆ. ಮುಂದಿನ ಸಲ ಬರುವಾಗ ಜಾಸ್ತಿ ಕಟ್ಟಿಕೊಡು. ಗುಳಿಗೆ ತಪ್ಪಿಸಬೇಡ.

ಅಪ್ಪಯ್ಯ, ಮರ ಸಿಕ್ಕರೆ ತಮ್ಮನ ಫೋನಿನಲ್ಲಿ ಫೋಟೋ ತೆಗೆಸಿ ಕಳಿಸಿ. ಕೊಯ್ದ ತುದಿಯೂ ಕಾಣಲಿ, ಪಕ್ಕದಲ್ಲಿ ಸ್ಕೇಲ್ ಇಡಲು ಹೇಳಿ. ಅಟ್ಟಕ್ಕೆ ನೀವು ಹತ್ತಬೇಡಿ, ಅವನನ್ನೇ ಹತ್ತಿಸಿ.

ಇಂತಿ ನಿಮ್ಮ ಪ್ರೀತಿಯ ಮಗಳು