ಸೈಟಿಗಿಂತ ಮೊದಲು ಬಾಡಿಗೆಗೆ ಬರುವವರನ್ನು ನೋಡಿ

ಮಾನ್ಯ ಸಂಪಾದಕರೇ,

ಶಿವಮೊಗ್ಗದಲ್ಲಿ ಮೊದಲ ಮನೆ ಕಟ್ಟಲು ಹೊರಟ ಹುಡುಗರ ಲೆಕ್ಕ ಈಗ ಹೆಚ್ಚುಕಡಿಮೆ ಒಂದೇ. ಮೂವತ್ತು ನಲವತ್ತರ ಸೈಟು, ಮೇಲೆ ನಾವು, ಕೆಳಗೆ ಬಾಡಿಗೆ, ಬಂದ ಬಾಡಿಗೆ ಸಾಲದ ಕಂತಿಗೆ. ಲೆಕ್ಕ ಒಳ್ಳೆಯದೇ. ಆದರೆ ಜಾಗ ಆರಿಸುವಾಗ ಮಾತ್ರ ಕೆಳಗಿನ ಮನೆಗೆ ಯಾರು ಬರುತ್ತಾರೆ ಅನ್ನೋದನ್ನು ಬಿಟ್ಟು, ‘ಮುಂದೆ ರೇಟು ಏರುತ್ತೆ ಸಾರ್’ ಅನ್ನುವ ಬ್ರೋಕರ್ ಮಾತನ್ನೇ ನಂಬುತ್ತಿದ್ದಾರೆ.

2023ರ ಫೆಬ್ರುವರಿಯಲ್ಲಿ ಸೋಗಾನೆ ವಿಮಾನ ನಿಲ್ದಾಣದ ಉದ್ಘಾಟನೆಯಾಯಿತು, ಅದರ ಹೆಸರು ಹೇಳಿ ಸೈಟು ಮಾರುವುದೂ ಜೋರಾಯಿತು. ವಿಮಾನ ಹತ್ತುವವರು ಅಲ್ಲಿ ಮನೆ ಬಾಡಿಗೆಗೆ ಹಿಡಿಯುತ್ತಾರಾ? ಬಾಡಿಗೆಗೆ ಬರುವವರು ಆಸ್ಪತ್ರೆಯ ನರ್ಸುಗಳು, ಇಂಜಿನಿಯರಿಂಗ್ ಓದುವ ಮಕ್ಕಳು, ವರ್ಗವಾಗಿ ಬಂದ ಮೇಷ್ಟ್ರುಗಳು. ರಾತ್ರಿ ಪಾಳಿ ಮುಗಿಸಿ ಬರುವ ಹೆಣ್ಣುಮಗಳಿಗೆ ಬೀದಿದೀಪ ಬೇಕು, ಹತ್ತಿರದಲ್ಲಿ ಸಿಟಿ ಬಸ್ಸು ಬೇಕು, ಒಂದು ದಿನಸಿ ಅಂಗಡಿ ಬೇಕು. ಇಂಜಿನಿಯರಿಂಗ್ ಕಾಲೇಜು, ಕೃಷಿ ಕಾಲೇಜು ಇರುವ ನವುಲೆ ಸುತ್ತ, ಇಲ್ಲವೇ ಸಾಗರ ರಸ್ತೆಯ ಮೆಡಿಕಲ್ ಕಾಲೇಜಿನ ಹತ್ತಿರ ಮೊದಲು ಹುಡುಕಿ. ರೇಟು ಜಾಸ್ತಿ, ನಿಜ. ಆದರೆ ದೂರದ ಬಡಾವಣೆಯಲ್ಲಿ ಕೆಳಗಿನ ಮನೆ ತಿಂಗಳುಗಟ್ಟಲೆ ಬೀಗ ಹಾಕಿಕೊಂಡಿದ್ದರೆ ಪೂರ್ತಿ ಕಂತು ಸಂಬಳದಿಂದಲೇ ಹೋಗಬೇಕು, ಅಲ್ವಾ?

ಬೇಸಿಗೆಯಲ್ಲಿ ಸೈಟು ನೋಡಿ ಅಡ್ವಾನ್ಸ್ ಕೊಡಬೇಡಿ. ಜುಲೈನಲ್ಲಿ ಮಳೆ ಹಿಡಿದಾಗ ಹೋಗಿ. ಪಕ್ಕದ ಕಾಂಪೌಂಡಿನ ಮೇಲೆ ಮೊಣಕಾಲೆತ್ತರಕ್ಕೆ ಕೆಸರಿನ ಗೆರೆ ಉಳಿದಿದೆಯಾ ನೋಡಿ, ಚರಂಡಿ ಎಲ್ಲಿಗೆ ಹೋಗಿ ಸೇರುತ್ತದೆ ಅಂತ ನಡೆದು ನೋಡಿ, 2019ರ ಆಗಸ್ಟ್‌ನಲ್ಲಿ ತುಂಗೆ ಉಕ್ಕಿದಾಗ ಇಲ್ಲಿ ಏನಾಗಿತ್ತು ಅಂತ ಆ ಬೀದಿಯ ಹೆಂಗಸರನ್ನು ಕೇಳಿ. ನೀರು ಮೊದಲು ನುಗ್ಗುವುದು ಕೆಳಗಿನ ಮನೆಗೆ. ನಿಮ್ಮ ಕಂತು ಕಟ್ಟಬೇಕಾದದ್ದೂ ಅದೇ ಮನೆ.

ಮೇಲಕ್ಕೆ ಹೊರಗಿನಿಂದ ಮೆಟ್ಟಿಲು ಇರಲಿ. ಮೀಟರ್ ಬೇರೆಯೇ ಇರಲಿ, ಗೃಹಜ್ಯೋತಿ ಬಂದಮೇಲೆ ಬಾಡಿಗೆಯವರು ಅದನ್ನೂ ಕೇಳುತ್ತಾರೆ. ಇ-ಖಾತೆ, ಅಂದರೆ ಸೈಟು ಯಾರ ಹೆಸರಲ್ಲಿದೆ ಅಂತ ಪಾಲಿಕೆ ಕೊಡುವ ಕಂಪ್ಯೂಟರ್ ದಾಖಲೆ, ಕೈಗೆ ಬರುವ ತನಕ ದುಡ್ಡು ಬಿಚ್ಚಬೇಡಿ. ಬಿ ಖಾತೆ ಸೈಟಿಗೆ, ಅಂದರೆ ಸರಿಯಾದ ಒಪ್ಪಿಗೆ ಇಲ್ಲದ ಬಡಾವಣೆಯ ಸೈಟಿಗೆ, ಎಷ್ಟೋ ಬ್ಯಾಂಕುಗಳು ಸಾಲವನ್ನೇ ಕೊಡುವುದಿಲ್ಲ.

ಪಾಲಿಕೆಯವರಲ್ಲೂ ನಗರಾಭಿವೃದ್ಧಿ ಪ್ರಾಧಿಕಾರದವರಲ್ಲೂ ಒಂದು ಮನವಿ. ಹೊಸ ಬಡಾವಣೆಯ ಬಾಗಿಲಲ್ಲೇ ಒಂದು ಫಲಕ ಹಾಕಿಸಿ. ನಕ್ಷೆಗೆ ಒಪ್ಪಿಗೆ ಸಿಕ್ಕಿದೆಯಾ, ಚರಂಡಿ ಮುಗಿದಿದೆಯಾ, ಕುಡಿಯುವ ನೀರಿನ ಪೈಪು ಬಂದಿದೆಯಾ ಅಂತ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆಸಿ.

– ಒಬ್ಬ ಓದುಗ, ವಿನೋಬನಗರ, ಶಿವಮೊಗ್ಗ